ಅವನು ಕಾರಿನ ಕಿಟಕಿ ಇಳಿಸಿದಾಗ

"ಕಾರು ನಿಲ್ಸಿ! ನಾನು ಇಳೀಬೇಕು!"

ಹಂಸಿನಿಯ ಕೂಗಿಗೆ ವಿಶ್ರುತ್ ಬೆಚ್ಚಿಬಿದ್ದ. ಬ್ರಿಡ್ಜ್ ದಾಟಲು ಕಾದಿದ್ದ ವಾಹನಗಳ ಸಾಲು ಮೊದಲೇ ಅಲುಗಾಡದೆ ನಿಂತಿತ್ತು. ಇಬ್ಬರಿಗೂ ಪರಿಚಯವಾಗಿದ್ದೇ ಆ ಬೆಳಿಗ್ಗೆ. ಬಸ್ಸು ತಪ್ಪಿಸಿಕೊಂಡ ತಂಗಿಯನ್ನು ಮ್ಯಾನ್‌ಹಟನ್‌ಗೆ ಬಿಡಲು ಅಕ್ಕ ಭೂಮಿಕಾ ತನ್ನ ಸಹೋದ್ಯೋಗಿಯಾದ ಅವನನ್ನು ಕೇಳಿಕೊಂಡಿದ್ದಳು.

"ಇಲ್ಲೇ? ಟ್ರಾಫಿಕ್ ನಡುವ? ಏನಾತ್ರೀ?" ಎಂದ ಧಾರವಾಡದ ಹುಡುಗ.

ಅವಳು ಕೂಗುವ ಮುಂಚೆಯಷ್ಟೇ ಅವನು, ಆ ಕೊರೆಯುವ ಚಳಿಯಲ್ಲೂ, ಕಿಟಕಿ ಇಳಿಸಿದ್ದ.

ಅವಳಿಗೆ ಗೊತ್ತಾಗಿಹೋಯಿತು... ಇವನಿಗೂ ವಾಸನೆ ಬಂತು!

ಅವಳು ಬಾಗಿಲು ತೆರೆದು ಫುಟ್‌ಪಾತ್‌ಗೆ ಹಾರಿ, ಹಿಂತಿರುಗಿ ನೋಡದೆ ಓಡಿದಳು.

ಮೂರು ವರ್ಷದ ಹಿಂದೆ ಊರಿನಲ್ಲಿ ಅವಳ ಹೆರಿಗೆ ನೋವು ಎರಡು ದಿನ ಎಳೆದಿತ್ತು. ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ಮಗು ಉಳಿಯಲಿಲ್ಲ. ಒಳಗೆ ಮೂತ್ರಚೀಲಕ್ಕೆ ತೂತು ಬಿದ್ದು, ಹಗಲೂ ರಾತ್ರಿ ಮೂತ್ರ ಸೋರತೊಡಗಿತು. ಗಂಡ ಮೊದಲು ಹಾಸಿಗೆ ಬೇರೆ ಮಾಡಿದ, ಆಮೇಲೆ ಮನೆ, ಕೊನೆಗೆ ವಿಚ್ಛೇದನ ಕೊಟ್ಟ. ಒಮ್ಮೆ ಮಾಡಿದ ಆಪರೇಷನ್ನೂ ಕೈಕೊಟ್ಟಿತು. ಅಮೆರಿಕದ ಫೋರ್ಟ್ ಲೀಯಲ್ಲಿದ್ದ ಅಕ್ಕನ ಮನೆಗೆ ಬಂದ ಮೇಲೂ ಅವಳು ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ.

ಕಾರಿನಿಂದ ಇಳಿದು ಓಡಿದ ದಿನದಿಂದ ಅವಳು ಕೋಣೆ ಬಿಟ್ಟು ಹೊರಬರಲಿಲ್ಲ. ಊಟ ಮುಟ್ಟಲಿಲ್ಲ. ಕೊನೆಗೊಂದು ದಿನ ಮೆಲ್ಲಗೆ ಹೇಳಿದಳು.

"ನಾನಿಲ್ದೇ ಇದ್ರೆ ನಿಂಗೂ ನೆಮ್ಮದಿ ಅಲ್ವಾ ಅಕ್ಕ?"

ಭೂಮಿಕಾ ತಂಗಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಯಾರು ಹೇಳಿದ್ರು ನಿಂಗೆ ಹಾಗಂತ? ಏಳು! ಈಗ್ಲೇ ಡಾಕ್ಟರ್ ಹತ್ರ ಹೋಗ್ತಿದೀವಿ."

ಆಸ್ಪತ್ರೆಯಲ್ಲಿ ಮತ್ತೊಂದು ಆಪರೇಷನ್ ಸಾಧ್ಯ ಎಂದರು. ಅದಕ್ಕೂ ಮೊದಲು ಆಯೇಷಾ ಎಂಬ ಕೌನ್ಸೆಲರ್ ಅವಳ ಎದುರು ಕುಳಿತು, "ಮಗುವಿಗೆ ಏನು ಹೆಸರಿಡ್ಬೇಕು ಅಂತಿದ್ರಿ?" ಎಂದು ಹಿಂದಿಯಲ್ಲಿ ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ! ಹಂಸಿನಿ ಬಿಕ್ಕಿ ಬಿಕ್ಕಿ ಅತ್ತಳು.

ಆ ಭಾನುವಾರ, ಅವಳು ಕಾರಿನಲ್ಲಿ ಬಿಟ್ಟುಹೋಗಿದ್ದ ಬ್ಯಾಗ್ ಹಿಡಿದು ವಿಶ್ರುತ್ ಬಾಗಿಲಿಗೆ ಬಂದ.

ಅವಳು ಕೇಳಿಯೇಬಿಟ್ಟಳು.

"ಅವತ್ತು... ವಾಸನೆ ಬಂತಾ?"

ಅವನು ತಡವರಿಸಿದ. ಇನ್ನೇನು ಸುಳ್ಳು ಹೇಳುತ್ತಾನೆ ಎಂದುಕೊಂಡಳು.

"ಬಂತ್ರೀ."

ಅವಳು ಬಾಗಿಲು ಮುಚ್ಚಲು ಹೋದಳು.

"ಒಂದು ನಿಮಿಷ! ನಿಮಗ ಮುಜುಗರ ಆಗಬಾರ್ದಂತ ಸುಮ್ನ ಕಿಟಕಿ ಇಳಿಸಿದೆ. ತಪ್ಪಾತು. ಆದ್ರ ನೀವು ಹಂಗ ಓಡಿ ಹೋದ್ರಲ್ಲ... ಅವತ್ತಿಂದ ನನಗ ನಿದ್ದಿ ಇಲ್ಲ."

ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು, ಇಲ್ಲವೇ ಏನೂ ಇಲ್ಲವೆಂದು ನಟಿಸಿದ್ದರು. ನಿಜ ಹೇಳಿಯೂ ಹೊಸ್ತಿಲಲ್ಲೇ ನಿಂತವನು ಇವನೊಬ್ಬನೇ.

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. "ಒಳಗೆ ಬನ್ನಿ... ಎಲ್ಲಾ ಹೇಳ್ತೀನಿ."

ಚಳಿಗಾಲ ಮುಗಿಯುವವರೆಗೂ ವಾರವಾರ ಆಯೇಷಾಳ ಬಳಿಗೆ ಅವನೇ ಅವಳನ್ನು ಕಾರಿನಲ್ಲಿ ಕರೆದೊಯ್ದ. ಕೆಲವು ದಿನ ಅರ್ಧ ದಾರಿಯಲ್ಲಿ, "ವಾಪಸ್ ಹೋಗೋಣ" ಎನ್ನುತ್ತಿದ್ದಳು. ಅವನು ಕಾರು ತಿರುಗಿಸುತ್ತಿದ್ದ.

ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು. ಗಾಯ ಕೂಡಿತೋ ಇಲ್ಲವೋ ತಿಳಿಯಲು ಇನ್ನೂ ಕೆಲವು ವಾರ ಬೇಕಿತ್ತು. ಮಂಚದ ಪಕ್ಕದಲ್ಲಿ ಟ್ಯೂಬು, ಮೂತ್ರದ ಚೀಲ... ವಿಶ್ರುತ್ ಒಳಬಂದಾಗ ಅವಳು ನಾಚಿ ಮುಖ ತಿರುಗಿಸಿದಳು.

"ಮತ್ತೆ ಸೋರಿದ್ರೆ?"

"ಮತ್ತ ತೋರ್ಸೋಣು. ಆದ್ರ ನಾ ಕೇಳೂದು ಇವತ್ತ ಕೇಳ್ತೀನಿ. ರಿಸಲ್ಟ್ ಬಂದಮ್ಯಾಲ ಕೇಳಿದ್ರ, ಅದಕ್ಕ ಕಾಯ್ತಿದ್ದ ಅಂತ ನಿಮಗ ಅನಸ್ತದ." ಅವನು ಮಂಚದ ಹತ್ತಿರಕ್ಕೆ ಸರಿದ. "ನನ್ನ ಮದ್ವಿ ಆಗ್ತೀರೇನು?"

ಅವಳ ಕಣ್ಣು ತುಂಬಿ ಹರಿಯಿತು, ಅಳುತ್ತಲೇ ಮೆಲ್ಲಗೆ ಏನೋ ಅಂದಳು.

"ಅಯ್ಯ, ಅಳಬ್ಯಾಡ್ರಿ! ನರ್ಸ್ ನನ್ನ ಹೊರಗ ಹಾಕ್ತಾಳ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಹ್ಞೂಂ ಅಂದೆ... ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಮ್ಮೆ ಅನ್ರಿ."

"ಹ್ಞೂಂ."