ಮಾಳಿಗೆ ಮೇಲಿನ ಬಿಳಿ ಪೈಪು

ಕೂಸನ್ನು ಸೊಂಟಕ್ಕೇರಿಸಿಕೊಂಡು ಅಶ್ವಿನಿ ಮಳೆಯಲ್ಲಿ ತೊಯ್ದು ಬಂದಾಗ ಸುಂದರವ್ವ ಖಾನಾವಳಿಯ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಡಲ ದಂಡೆಯ ಸಾಂಕೋಲೆಯಲ್ಲಿ, ಊರು ಬಿಟ್ಟು ಬಂದ ಕೂಲಿಕಾರರ ಓಣಿಯಲ್ಲಿ ಏನೇ ಕಳುವಾದರೂ ಜನ ಠಾಣೆಗಿಂತ ಮೊದಲು ಈ ಒಲೆಯ ಮುಂದೆ ಬಂದು ಕೂರುವುದು ರೂಢಿ. ಮೂಲೆಯಲ್ಲಿ ಉಣ್ಣುತ್ತಿದ್ದ ಟೆಂಪೋ ಚಾಲಕ ಯಾಕೂಬ ಕೈ ತೊಳೆದುಕೊಂಡ. ಸುಂದರವ್ವ ಎಲ್ಲಿಗೆ ಹೊರಟರೂ ಟೆಂಪೋ ಅವನದೇ.

"ಅತ್ತಿ, ನನ್ನ ಗಂಡನ್ನ ಕಳ್ಳ ಅನ್ನಾಕತ್ತಾರ. ಸಂಜಿಯೊಳಗ ಪೊಲೀಸರ ಕೈಗೆ ಕೊಡ್ತೀನಿ ಅಂತಾನ ಮೋತಿಲಾಲ ಸೇಠ."

ಅಶ್ವಿನಿಯ ಗಂಡ ಹುಲಿಗೆಪ್ಪ ವೈರಿಂಗ್ ಕೆಲಸದವನು. ಹಿಂದಿನ ದೀಪಾವಳಿಗೆ ಮುಂಚೆ ಕಾರ್ಮಿಕರ ವಸತಿಗೃಹದ ಮಾಳಿಗೆ ಮೇಲೆ ಸೋಲಾರ್ ಕೂರಿಸುವಾಗ ಗುತ್ತಿಗೆದಾರ ಮೋತಿಲಾಲನೊಂದಿಗೆ ಜಗಳವಾಡಿ, ವೈರು ಹಾಯಿಸಲು ದಪ್ಪನೆಯ ಕರಿ ಪೈಪನ್ನೇ ತರಿಸಿದ್ದ. ಕಬ್ಬಿಣ ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತದೆ, ಮನೆಯೊಳಗಿನ ಬಿಳಿ ಪೈಪು ಬಿಸಿಲಿಗೆ ಸೀಳುತ್ತದೆ, ಕರಿಯದು ಎರಡನ್ನೂ ತಡೆಯುತ್ತದೆ ಎಂಬುದು ಅವನ ವಾದ. ಅದನ್ನು ಕೂರಿಸಿದವನೇ ಹೆಂಡತಿಯ ಹೆರಿಗೆಗೆಂದು ಊರಿಗೆ ಹೋದ. ಅವನಿಲ್ಲದಾಗ ಬೇರೆ ಕೆಲಸಗಾರರು ಬಂದು ವೈರು ಎಳೆದು ಹೋದರು. ತಿರುಗಿ ಬಂದವನಿಗೆ ದೂರದ ಕೊರ್ಲಿಮ್‌ನಲ್ಲಿ ಕೆಲಸ ಬಿತ್ತು. ಮತ್ತೆ ಆ ಮಾಳಿಗೆ ಹತ್ತಲಿಲ್ಲ. ಈಗ ಮೊದಲ ಮಳೆಗೇ ವೈರು ಸುಟ್ಟು ಹೊಗೆ ಎದ್ದಿತ್ತು. ಹತ್ತಿ ನೋಡಿದರೆ ಕರಿ ಪೈಪಿನ ಸುಳಿವಿಲ್ಲ. ಅದರ ಜಾಗದಲ್ಲಿ ಸೀಳುಬಿಟ್ಟ ಬಿಳಿ ಪೈಪು. ಕರಿಯದನ್ನು ಹುಲಿಗೆಪ್ಪನೇ ಮಾರಿಕೊಂಡ ಎಂಬುದು ಸೇಠನ ಅನುಮಾನ.

ಯಾಕೂಬನ ಟೆಂಪೋ ವಸತಿಗೃಹದ ಮುಂದೆ ನಿಂತಾಗ ಗೇಟು ತೆರೆದವನು ಕಾವಲುಗಾರ ಯಮನೂರಪ್ಪ. ಮಾಳಿಗೆಯಲ್ಲಿ ಹುಲಿಗೆಪ್ಪ ತಲೆ ತಗ್ಗಿಸಿ ನಿಂತಿದ್ದ.

"ಬಂದಳಪ್ಪ ರೊಟ್ಟಿ ಪತ್ತೇದಾರಿ!" ಎಂದು ಹಂಗಿಸಿದ ಮೋತಿಲಾಲ.

"ದಿನಾ ಅದ ರೊಟ್ಟಿ ತಿಂತೀರಿ, ಚಾಷ್ಟಿ ಬ್ಯಾಡ ಸೇಠ," ಎಂದವಳು ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಪೈಪನ್ನು ಮಾಳಿಗೆಗೆ ಬಿಗಿಯುವ ಹಿಡಿಕೆಗಳೆಲ್ಲ ದಪ್ಪ ಪೈಪಿಗೆ ಮಾಡಿದವು. ತೆಳ್ಳನೆಯ ಬಿಳಿ ಪೈಪು ಅಲುಗಬಾರದೆಂದು ಯಾರೋ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಸಿಕ್ಕಿಸಿದ್ದರು. ಅವಳು ಒಂದು ಪಟ್ಟಿಯನ್ನು ಬಿಚ್ಚಿ ಯಾಕೂಬನ ಕೈಗಿಟ್ಟಳು.

"ತಮ್ಮಾ, ಸಂಕ್ರಾಂತಿ ಹೊತ್ತಿಗೆ ಯಮನೂರಪ್ಪಣ್ಣ ಸೀತನಿ ತಂದಿದ್ದ, ನೆನಪೈತೇನು?"

ಯಾಕೂಬ ಅದನ್ನು ಮರೆಯುವುದುಂಟೆ? ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಬಿಸಿ ಬಾಯಿಗೆ ಹಾಕಿಕೊಂಡಿದ್ದ. ಅಕ್ಕಿಯ ಈ ನಾಡಿನಲ್ಲಿ ಕೂತವನಿಗೆ ಒಂದು ಗಳಿಗೆ ತನ್ನ ಬೀಳಗಿ ಕಡೆಯ ಕರಿಮಣ್ಣಿನ ವಾಸನೆ ಮೂಗಿಗೆ ಬಡಿದಿತ್ತು.

"ಊರಿಂದ ಮಂದಿ ತಂದ್ರು ಅಂದಿದ್ರಿ ಅವ್ರು."

"ಕಾಳು ಹಿಚುಕಿದ್ರ ಹಾಲು ಬರತಿತ್ತಲ್ಲ?"

"ಬರತಿತ್ರಿ ಅಕ್ಕಾರ."

"ರಾತ್ರಿಯೆಲ್ಲ ಬಸ್ಸಿನಾಗ ಬಾಡಿ ಬಂದ ತೆನ್ಯಾಗ ಅಷ್ಟು ಹಾಲೆಲ್ಲಿಂದು? ಅದು ಇಲ್ಲೇ ಬೆಳದದ್ದು."

ಅವಳು ಕೆಳಗಿನಿಂದ ಯಮನೂರಪ್ಪನನ್ನೂ ಕರೆಸಿ, ಎಲ್ಲರ ಎದುರಿಗೆ ಹೇಳತೊಡಗಿದಳು.

"ಕಳ್ಳ ಆಗಿದ್ರ ಕರೇದು ಒಯ್ದು ಸುಮ್ನ ಹೋಗಿರ್ತಿದ್ದ. ಇಂವ ಅಳತಿ ಮಾಡಿ ಬ್ಯಾರೇದು ಹಾಕ್ಯಾನ. ಕದ್ದೆ ಅಂತ ಅವಗ ಅನಿಸೇ ಇಲ್ಲ. ಹಾಕಿದ್ದು ವೈರಿಂಗ್ ಮಂದಿ ಅಲ್ಲ. ಅವರು ಹಿಡಿಕಿ ಬದಲಿಸ್ತಿದ್ರು. ಟ್ಯೂಬ್ ಸುತ್ತೋದು ಹೊಲದಾಗ ಪೈಪು ಸೋರಿದ್ರ ಕಟ್ಟೋ ಕೈ. ಒಳಗಿನ ಕೆಲಸಕ್ಕ ತಂದು ಉಳಿದ ಬಿಳೇ ಪೈಪು ಸಾಮಾನಿನ ಕೋಣ್ಯಾಗಿತ್ತು. ಕೀಲಿ ಯಾರ ಹತ್ರ ಇತ್ತು ಸೇಠ?"

ಎಲ್ಲರೂ ಯಮನೂರಪ್ಪನ ಕಡೆ ತಿರುಗಿದರು.

"ನಮ್ಮ ಕಡೆ ಕರೇ ಪೈಪು ಅಂದ್ರ ಹೊಲದ ನೀರಿಂದು, ಬಿಳೇದು ಅಂದ್ರ ಮನಿ ಕರೆಂಟಿಂದು. ಹುಲಿಗೆಪ್ಪ ತಪ್ಪಿ ಹಾಕ್ಯಾನ ಅಂತ ಬಿಳೇದು ಹಾಕಿ, ಕರೇದು ನಿನ್ನ ಜೋಳದ ನೀರಿಗೆ ಒಯ್ದು, ಸರಿ ಮಾಡಿದೆ ಅನ್ಕೊಂಡಿ. ಹೌದಲ್ಲೋ ಯಣ್ಣಾ?" ಎಂದಳು ಸುಂದರವ್ವ.

ಮುದುಕ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ಖರೇ ಐತೆವ್ವಾ. ನನ್ನ ಹೊಲ ಆಲಮಟ್ಟಿ ಹಿನ್ನೀರಾಗ ಹೋತು. ಅದರ ಬೀಜ ಒಂದು ಗಂಟು ಉಳಿದಿತ್ತು. ಪ್ರತಿ ವರ್ಷ ಬಿಚ್ಚಿ ನೋಡಿ ಮತ್ತ ಕಟ್ಟತಿದ್ದೆ. ಹೋದ ವರ್ಷ ತಡಕೊಳ್ಳಾಕ ಆಗಲಿಲ್ಲ. ಟಾಕಿ ನೀರು ಸುಮ್ನ ಸೋರಿ ಹೋಗತಿತ್ತು... ಈ ಕೂಸಿನಪ್ಪಗ ಇಂಥಾ ದಿನ ಬರತೈತಿ ಅಂತ ನನಗ ಗೊತ್ತಿರಲಿಲ್ಲವ್ವಾ."

ಮುದುಕ ಎಲ್ಲರನ್ನೂ ಕೆಳಗೆ ಕರೆದೊಯ್ದ. ಕಾಂಪೌಂಡಿನ ಹಿಂದೆ, ಗೇರು ಗಿಡಗಳ ಸಂದಿಯಲ್ಲಿ, ಒಂದು ಅಂಗಳದಷ್ಟು ಕೆಂಪು ಮಣ್ಣು. ಮಳೆಗೆ ಎದ್ದ ಹುಲ್ಲಿನ ನಡುವೆ ಜೋಳದ ಕೂಳೆಗಳು ಇನ್ನೂ ಸಾಲಾಗಿ ನಿಂತಿದ್ದವು. ಕರಿ ಪೈಪು ಪಕ್ಕದಲ್ಲೇ ಬಿದ್ದಿತ್ತು. ಒಂದು ಬಿರುಕೂ ಇಲ್ಲ. ಮೋತಿಲಾಲ ಬೈಯಲು ಬಾಯಿ ತೆರೆದವನು ಕೂಳೆಗಳನ್ನು ತುಳಿಯದಂತೆ ಒಂದು ಹೆಜ್ಜೆ ಹಿಂದೆ ಸರಿದ. ಹುಲಿಗೆಪ್ಪನ ಕ್ಷಮೆ ಕೇಳಲು ಅವನಿಗೆ ಬರಲಿಲ್ಲ. "ನಾಳೆಯಿಂದ ಇಲ್ಲೇ ಬಾ, ಎಲ್ಲ ಹೊಸದಾಗಿ ಎಳಿ," ಎಂದು ಹೊರಟುಹೋದ.

ಯಮನೂರಪ್ಪ ತಾನೇ ಪೈಪನ್ನು ಸುತ್ತಿ ಹೆಗಲಿಗೇರಿಸಿ ತಂದು ಮಾಳಿಗೆಯ ಮೇಲಿಟ್ಟ. ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

ಹುಲಿಗೆಪ್ಪ ಅವನತ್ತ ನೋಡದೆ ಬಿಳಿ ಪೈಪನ್ನು ಕಿತ್ತು, ಸೀಳಿದ್ದನ್ನು ಒಂದು ಕಡೆ, ಗಟ್ಟಿ ಉಳಿದ ತುಂಡುಗಳನ್ನು ಇನ್ನೊಂದು ಕಡೆ ಹಾಕುತ್ತ ಹೋದ. ಗಟ್ಟಿಯವನ್ನು ಕಟ್ಟಿ ಮುದುಕನ ಮುಂದೆ ಇಟ್ಟ.

"ಇವನ್ನ ಜೋಡಿಸಿ ಮಣ್ಣಾಗ ಹೂಳು ಕಾಕಾ. ಬಿಸಲ ಬೀಳದಿದ್ರ ಬಿಳೇದೂ ಬಾಳತೈತಿ." ಆಮೇಲೆ ಕೇಳಿದ: "ಬೀಜ ಉಳಿಸೀಯೋ ಇಲ್ಲೋ?"

ಮುದುಕ ಸೊಂಟಕ್ಕೆ ಕಟ್ಟಿದ್ದ ಬೀಜದ ಗಂಟನ್ನು ಮುಟ್ಟಿಕೊಂಡ. ಯಾಕೂಬ ಸೀತನಿ ತಿಕ್ಕಿದ್ದ ತನ್ನ ಅಂಗೈಯನ್ನೇ ನೋಡುತ್ತ ನಿಂತಿದ್ದ.