ತೊಟ್ಟಿಲಿನ ಗುಂಡಕಲ್ಲು

“ನಲವತ್ತು ದಿನ ತಾಯಿ-ಕೂಸಿನ್ನ ಒಂಟಿ ಬಿಡಬ್ಯಾಡ್ರಿ, ಮಾಸ್ತರ. ಈ ಮನಿಗೆ ಮಾಟ ಆಗೇತಿ,” ಎಂದಳು ಸೂಲಗಿತ್ತಿ ಲಾಲಬೀ.

ದೇವೇಂದ್ರಪ್ಪ ನಕ್ಕ. 1938ರಲ್ಲಿ ಮರಳಿ ಎಂಬ ಊರಿನ ಸಾಲೆಗೆ ಹೊಸದಾಗಿ ಬಂದ ಮಾಸ್ತರ ಅವನು. ಬಾಗಿಲಿಗೆ ಆಕೆ ಕಟ್ಟಿದ್ದ ನಿಂಬೆಹಣ್ಣು ಕಿತ್ತು ತಿಪ್ಪೆಗೆ ಎಸೆದ. “ನಿನ್ನ ಮಾಟಕ್ಕ ಉಪ್ಪು-ಖಾರ ಹಚ್ಚಿ ಉಪ್ಪಿನಕಾಯಿ ಹಾಕು. ನಾಳಿಂದ ಬರಬ್ಯಾಡ.”

ಬಾಣಂತಿ ಕೋಣೆಯಲ್ಲಿ ಹಗಲೇ ಕತ್ತಲೆ. ಅಜವಾನದ ಹೊಗೆ, ಒಡೆದ ಹಾಲಿನ ವಾಸನೆ. ಶಂಕ್ರಮ್ಮ ಒಂಬತ್ತು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಗಂಡನ ಕೈ ಹಿಡಿದಳು.

“ಲಾಲಬೀನ ಕಳಸಬ್ಯಾಡ್ರಿ. ಹೆಸರಿಟ್ಟ ದಿನ ಅದಲಬದಲ ಮಾಡ್ಯಾರ. ನನ್ನ ಮಗಳು ಆ ಕಲ್ಲಿನ್ಯಾಗ ಅದಾಳ. ಈ ಕೂಸು ಯಾರದೋ. ನನಗ ನನ್ನ ಕೈ ಕಂಡ್ರ ಅಂಜಿಕಿ ಬರ್ತೈತಿ.”

ಕೂಸು ಕಲ್ಲಿನಂತೆ ಗಟ್ಟಿಯಾಗಲೆಂದು, ಹೆಸರಿಡುವ ದಿನ ಒರಳಿನ ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ಮೊದಲು ತೊಟ್ಟಿಲಿಗೆ ಹಾಕುವುದು ಆ ಕಡೆಯ ಪದ್ಧತಿ.

“ನಿದ್ದಿಗೆಟ್ಟ ತಲಿ ನಿಂದು. ಮಲಗು, ಸರಿ ಆಕೈತಿ,” ಎಂದ. ಮರುದಿನ ಸಾಲೆಗೆ ಹೋದ.

ಮಧ್ಯಾಹ್ನ ಉಣ್ಣಲು ಬಂದಾಗ ಜೋಗುಳ ಕೇಳುತ್ತಿತ್ತು. ತೊಟ್ಟಿಲು ತೂಗುತ್ತಿತ್ತು. ಹಗ್ಗ ಕಿರುಗುಟ್ಟುತ್ತಿತ್ತು. ಇಪ್ಪತ್ತೆರಡು ದಿನದ ಕೂಸಿಗೆ ಇಷ್ಟು ಭಾರವೆ? ಬಗ್ಗಿದ. ಕುಂಚಿಗೆಯೊಳಗೆ ಮುಖವಿರಲಿಲ್ಲ. ಕಲ್ಲು. ಎಣ್ಣೆ ಸವರಿದ ಕಲ್ಲು. ಅದಕ್ಕೊಂದು ಕಾಡಿಗೆಯ ಬೊಟ್ಟು.

“ಬಂದಳ್ರಿ ನಮ್ಮ ಮಗಳು,” ಎಂದಳು ಶಂಕ್ರಮ್ಮ. ಎಷ್ಟೋ ದಿನಕ್ಕೆ ನಕ್ಕಿದ್ದಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ಅವರದನ್ನ ಅವರಿಗೆ ಕೊಟ್ಟು ಬಂದೆ.”

ಓಡಿದ. ಹಿತ್ತಲು. ಮುಳ್ಳುಬೇಲಿ. ಕಾಲುವೆ.

ದಂಡೆಯ ಮೇಲೆ ಲಾಲಬೀ ಕೂತಿದ್ದಳು, ಎದೆಮಟ್ಟ ತೊಯ್ದು. ಮಡಿಲಲ್ಲಿ ಉಸಿರಿಲ್ಲದ ಕೂಸು. ಅದರ ಅಂಗಾಲು ತಿಕ್ಕುತ್ತಿದ್ದಳು. ತಿಕ್ಕುತ್ತಲೇ ಇದ್ದಳು.

“ಮುಂಜಾನಿಂದ ನಿಮ್ಮ ಬೇವಿನ ಗಿಡದ ಕೆಳಗ ಕುಂತಿದ್ದೆ, ಮಾಸ್ತರ. ನೀರು ಕುಡಿಯಾಕ ಮನಿಗೆ ಹೋದೆ. ಅಷ್ಟರಾಗ...”

ಜನ ಸೇರಿತು. ಪೊಲೀಸ್ ಪಾಟೀಲ ಕುಬೇರಪ್ಪ ಬಂದ. “ಗಂಗಾವತಿ ಠಾಣೆಯಿಂದ ಅಮೀನಸಾಹೇಬರು ಬರ್ತಾರ. ತಾಯೇ ಕೂಸಿನ್ನ ನೀರಿಗೆ ಒಗದಾಳ ಅಂದ್ರ ಆಕೀಗೆ ಜೇಲು ತಪ್ಪೂದಿಲ್ಲ. ಏನಾತು, ಹೇಳ್ರಿ.”

ಮನೆಯಿಂದ ಜೋಗುಳ ತೇಲಿ ಬರುತ್ತಿತ್ತು.

“ಮಾಟ,” ಎಂದ ದೇವೇಂದ್ರಪ್ಪ. “ನಮ್ಮ ಮನಿಗೆ ಮಾಟ ಆಗಿತ್ರಿ.”

“ಮಾಡಿದವರು ಯಾರು?”

ಮಾಟದ ಮಾತು ಮೊದಲು ಎತ್ತಿದವಳು ಲಾಲಬೀ. ಕೂಸೂ ಆಕೆಯ ಮಡಿಲಲ್ಲೇ ಇತ್ತು. ಎಲ್ಲರ ಕಣ್ಣು ಅತ್ತ ತಿರುಗಿದವು. ಲಾಲಬೀ ಮಾಸ್ತರನ ಮುಖ ನೋಡಿದಳು.

ಅವನು ಕಾಲುವೆಯ ನೀರು ನೋಡುತ್ತ ನಿಂತ.