ಮೈನಿರ್ ಓಡಿಸದ ಕಾರು

"ಯಾರೋ ನಮ್ಮ ಮೇಲೆ ಚಾಡಿ ಹೇಳಿದಾರೆ. ಯಾರು ಅಂತ ಪತ್ತೆ ಮಾಡಿಕೊಡಿ ಟೀಚರ್," ಅಂದಳು ಮೈನಿರ್, ಕೋಟು ಕೂಡ ಬಿಚ್ಚದೆ.

ಬ್ರೊನ್ವೆನ್ ಚಹಾ ಬಗ್ಗಿಸಿದಳು. ನಿವೃತ್ತ ಶಿಕ್ಷಕಿ ಮಿಸ್ ಪ್ರೈಸ್ ಜೊತೆ ಒಂದೇ ಮನೆಯಲ್ಲಿದ್ದ ಅವಳಿಗೆ, ಆ ವೇಲ್ಸ್ ಕಣಿವೆಯ ಜನ ಹೀಗೆ ಬಂದು ಕೂರುವುದು ಹೊಸದಲ್ಲ.

ಮೈನಿರ್‌ಳ ಮಗ ಇಫಾನ್‌ಗೆ ಹತ್ತೊಂಬತ್ತು. ಹಾಸಿಗೆ ಹಿಡಿದ ವಯಸ್ಸಾದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ, ಕಾರಿಲ್ಲದೆ ನಡೆಯದು. ಹೊಸದಾಗಿ ಓಡಿಸುವ ಹುಡುಗರಿಗೆ ಅಲ್ಲಿ ವಿಮೆ ದುಬಾರಿ; ಆ ವಯಸ್ಸಿನವನ ಹೆಸರಲ್ಲಿ ಮಾಡಿಸಿದರೆ ಕಂತು ಕಾರಿನ ಬೆಲೆಯನ್ನೇ ಮೀರುತ್ತದೆ. ಅದಕ್ಕೇ, ಓಡಿಸುವವಳು ತಾನು, ಮಗ ಅಪರೂಪಕ್ಕೆ ಮುಟ್ಟುತ್ತಾನೆ ಎಂದು ಮೈನಿರ್ ವಿಮೆಯವರಿಗೆ ಹೇಳಿದ್ದಳು. ಹೋದ ವಾರ ಇಫಾನ್ ಹೆಪ್ಪುಗಟ್ಟಿದ ರಸ್ತೆಯಲ್ಲಿ ಜಾರಿ ಅಂಗಡಿಯೊಂದರ ಗೋಡೆಗೆ ಗುದ್ದಿದ. ವಿಮೆಯವರು ಮೋಸವೆಂದು ವಿಮೆಯನ್ನೇ ರದ್ದು ಮಾಡಿದರು.

"ಎಲ್ಲರೂ ಹೀಗೇ ಮಾಡ್ತಾರಲ್ಲ! ಇದು ನಮ್ಮ ನಾದಿನಿ ಗ್ಲೆನಿಸ್‌ದೇ ಕೆಲಸ. ನಮ್ಮ ಕಾರು ಕಂಡರೆ ಹೊಟ್ಟೆಉರಿ. ಹೋದ ತಿಂಗಳು ತನ್ನ ಮಗಳಿಗೂ ಒಂದು ತಗೊಂಡ್ಲು."

"ಅವಳನ್ನ ಕೇಳಿದ್ಯಾ?"

"ಕೇಳೋದೇನು, ಬೀದೀಲಿ ನಿಂತು ಉಗಿದೇ ಬಂದೆ." ಮೈನಿರ್ ಎದ್ದಳು. "ಬಸ್ ಹೋಗಿಬಿಡುತ್ತೆ. ಅದನ್ನೂ ನಿಲ್ಲಿಸ್ತಾರಂತೆ. ಟಿವಿಯವರ ಮುಂದೇನೋ ಕೂಗಾಡಿದ್ವಿ, ಯಾರು ಕೇಳ್ತಾರೆ?"

ಭಾನುವಾರ ಮಿಸ್ ಪ್ರೈಸ್ ಮೈನಿರ್‌ಳ ಅಡುಗೆಮನೆಯಲ್ಲೇ ಎಲ್ಲರನ್ನೂ ಕೂರಿಸಿದರು. ಗ್ಲೆನಿಸ್ ಬಾಗಿಲ ಬಳಿ ಮುಖ ಊದಿಸಿಕೊಂಡು ಕೂತಳು.

"ಗ್ಲೆನಿಸ್ ಅಲ್ಲ," ಅಂದರು ಮಿಸ್ ಪ್ರೈಸ್. "ಅವಳ ಮಗಳ ಕಾರಿನ ವಿಮೆಯೂ ಹುಡುಗಿಯ ಅಪ್ಪನ ಹೆಸರಲ್ಲಿದೆ. ವಿಮೆಯವರನ್ನ ಈ ಬೀದಿಗೆ ಕರೆಯೋ ಧೈರ್ಯ ಅವಳಿಗೆಲ್ಲಿಂದ ಬರಬೇಕು?"

"ಅಯ್ಯೋ, ಮೆಲ್ಲಗೆ ಮಾತಾಡಿ ಟೀಚರ್!" ಗ್ಲೆನಿಸ್ ಬೆಚ್ಚಿದಳು.

"ಅಪಘಾತ ಆದಮೇಲೆ ವಿಮೆಯವರು ಓಡಿಸೋರು ಯಾರು ಅಂತ ಹುಡುಕೇ ಹುಡುಕ್ತಾರೆ. ಬಸ್ಸಿನ ಆ ಟಿವಿ ಸುದ್ದಿ ಈಗಲೂ ಇಂಟರ್ನೆಟ್ಟಲ್ಲಿ ಯಾರು ಬೇಕಾದ್ರೂ ನೋಡಬಹುದು. ನಾನೂ ನೋಡಿದೆ. ಅದರಲ್ಲಿ ನೀನು ಏನಂದೆ, ಮೈನಿರ್?"

ಇಫಾನೇ ಹೇಳಿದ: "'ದಿನಾ ಕೆಲಸಕ್ಕೆ ಈ ಬಸ್ಸಲ್ಲೇ ಹೋಗೋದು, ಸ್ಟೀರಿಂಗ್ ಮುಟ್ಟಿ ವರ್ಷಗಳಾಯ್ತು' ಅಂದ್ಯಲ್ಲ ಅಮ್ಮ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ."

"ನಿಜಾನೇ ಹೇಳಿದ್ನಲ್ಲ..."

"ಹೂಂ, ನಿಜಾನೇ," ಅಂದರು ಮಿಸ್ ಪ್ರೈಸ್. "ವಿಮೆಯವರು ಕೇಳಿಸಿಕೊಂಡಿದ್ದೂ ಅದನ್ನೇ."

"ವಿಮೆ ಬೇರೆ ಕಡೆ ಮಾಡಿಸ್ತೀನಿ. ಈ ಸಲ ಅವನ ಹೆಸರಲ್ಲೇ."

"ಮೋಸಕ್ಕೆ ರದ್ದಾಯ್ತು ಅಂತ ಎಲ್ಲ ಕಡೆ ಹೇಳಬೇಕಾಗುತ್ತೆ. ಹೇಳಿದ ಮೇಲೆ, ನಿಮ್ಮ ಕೈಗೆಟುಕೋ ಹಾಗೆ ಯಾರೂ ಕೊಡಲ್ಲ ಕಣೇ."

ಗ್ಲೆನಿಸ್ ಬಂದು ನಾದಿನಿಯ ಬಿಗುಮಾನ ಬಿಟ್ಟು ಮೈನಿರ್‌ಳ ಭುಜದ ಮೇಲೆ ಕೈಯಿಟ್ಟಳು. ಮೈನಿರ್ ಅತ್ತ ನೋಡಲೂ ಇಲ್ಲ.

ಇಫಾನ್ ಫೋನ್ ತೆಗೆದ. "ಇನ್ಮೇಲೆ ಕೆಲಸಕ್ಕೆ ಬರೋಕಾಗಲ್ಲ ಅಂತ ಹೇಳಿಬಿಡ್ತೀನಿ. ನಾನು ನೋಡಿಕೊಳ್ತಿದ್ದ ಮಾರ್ಗಿಯಾಡ್ ಅಜ್ಜೀನ ಬೆಳಿಗ್ಗೆ ಯಾರು ಎಬ್ಬಿಸಿ ಕೂರಿಸ್ತಾರೋ."

ಬ್ರೊನ್ವೆನ್ ಮಿಸ್ ಪ್ರೈಸ್ ಕಡೆ ತಿರುಗಿದಳು. ಪತ್ತೆ ಮಾಡಿಕೊಡುವುದಷ್ಟೇ ಕೈಲಾಗಿದ್ದ ಅವರು ತಲೆ ತಗ್ಗಿಸಿ ಕೂತಿದ್ದರು.